ಗಗನವೀರ ಇಂದ್ರಲಾಲ ರಾಯ್

ಹಕ್ಕಿಯಂತೆ ಬಾನಿನಲ್ಲಿ ಹಾರಬೇಕೆಂಬ ಹಂಬಲ ಮಾನವನಿಗೆ ಅನಾದಿಕಾಲದಿಂದಲೂ ಇದ್ದಿತು. ನಮ್ಮ ಪೂರ್ವಿಕರು ಪುಷ್ಪಕವಿಮಾನವನ್ನು ಕಲ್ಪಿಸಿಕೊಂಡು ಆ ಹಂಬಲವನ್ನು ಕಾವ್ಯದಲ್ಲಿ ತಣಿಸಿಕೊಂಡರು. ಅದು ನಿಜವಾಗಿ ಕೈಗೂಡಿದ್ದು 1903ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ. ಅಮೆರಿಕದ ರೈಟ್ ಸಹೋದರರು ತಾವೇ ಕಟ್ಟಿದ ಯಂತ್ರದಲ್ಲಿ ಮೊದಲ ಸಲ ಹಾರಿದಾಗ ಅವರು ಗಾಳಿಯಲ್ಲಿದ್ದದ್ದು ಕೇವಲ 12 ಸೆಕೆಂಡು; ಕ್ರಮಿಸಿದ ದೂರ 120 ಅಡಿ. ಆದರೆ ಮನುಷ್ಯನ ಕೈಗೆ ಬಂದ ಹೊಸ ಶಕ್ತಿ ಯುದ್ಧಕ್ಕೆ ಬಳಕೆಯಾಗಲು ಬಹುಕಾಲ ಬೇಕಾಗುವುದಿಲ್ಲ. ಹನ್ನೊಂದು ವರ್ಷಗಳು ಕಳೆಯುವಷ್ಟರಲ್ಲಿ, 1914ರಲ್ಲಿ, ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಅದರೊಂದಿಗೆ ಆಕಾಶವೂ ರಣರಂಗವಾಯಿತು.

ಆ ರಣರಂಗದಲ್ಲಿ ಹೋರಾಡಿ ಹೆಸರಾದ ಮೊದಲ ಭಾರತೀಯರಲ್ಲಿ ಇಂದ್ರಲಾಲ ರಾಯ್ ಒಬ್ಬನು. ಇಪ್ಪತ್ತು ವರ್ಷ ತುಂಬುವ ಮೊದಲೇ ಮುಗಿದುಹೋದ ಅವನ ಬಾಳು ಸಾಹಸಕ್ಕೂ ಛಲಕ್ಕೂ ಒಂದು ನಿದರ್ಶನವಾಗಿದೆ.

ಇಂದ್ರಲಾಲನು 1898ನೆಯ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ ಹುಟ್ಟಿದನು. ಅವನ ಮನೆತನದ ಮೂಲ ಪೂರ್ವಬಂಗಾಳದ ಬಾರಿಸಾಲ್ ಜಿಲ್ಲೆ. ಅದು ಇಂದು ಬಾಂಗ್ಲಾದೇಶದಲ್ಲಿದೆ. ತಂದೆ ಪಿಯಾರಿಲಾಲ ರಾಯ್ ಅವರು ಹೆಸರಾಂತ ಬ್ಯಾರಿಸ್ಟರರು. ತಾಯಿ ಲೋಲಿತಾ ರಾಯ್ ಅವರು ಸ್ವತಂತ್ರ ಮನೋಭಾವದ ಮಹಿಳೆ. ಇಂಗ್ಲೆಂಡಿನ ಸ್ತ್ರೀಯರು ಮತದಾನದ ಹಕ್ಕಿಗಾಗಿ 1911ರಲ್ಲಿ ಲಂಡನ್ ನಗರದಲ್ಲಿ ನಡೆಸಿದ ಮಹಾ ಮೆರವಣಿಗೆಯಲ್ಲಿ ಭಾರತೀಯ ಸ್ತ್ರೀಯರ ತಂಡವೊಂದು ಸೀರೆಯುಟ್ಟು ನಡೆಯಿತು; ಆ ತಂಡದ ಮುಂದಾಳುಗಳಲ್ಲಿ ಲೋಲಿತಾ ಅವರೂ ಇದ್ದರು. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಈ ಕುಟುಂಬವು ಇಂದ್ರಲಾಲನು ಚಿಕ್ಕವನಿದ್ದಾಗಲೇ ಇಂಗ್ಲೆಂಡಿಗೆ ಹೋಗಿ ನೆಲಸಿತ್ತು. ಅವನ ಅಣ್ಣ ಪರೇಶಲಾಲನು ಮುಂದೆ ಭಾರತದಲ್ಲಿ ಮುಷ್ಟಿಯುದ್ಧದ ಆಟವನ್ನು ಬೆಳೆಸಿ ಪ್ರಸಿದ್ಧನಾದನು.

ಇಂದ್ರಲಾಲನು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದನು. ಓದಿನಲ್ಲಿ ಚುರುಕಾಗಿದ್ದ ಅವನಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಲಿಯಲು ವಿದ್ಯಾರ್ಥಿವೇತನವೂ ದೊರೆಯಿತು. ಆದರೆ ಯುದ್ಧವು ಆಗ ಉಗ್ರರೂಪವನ್ನು ತಾಳಿತ್ತು. ಅಣ್ಣನು ಅದಾಗಲೇ ಸೈನ್ಯವನ್ನು ಸೇರಿದ್ದನು. ಹದಿನೆಂಟರ ತರುಣನ ಮನಸ್ಸು ಗ್ರಂಥಗಳಿಗಿಂತ ವಿಮಾನಗಳ ಕಡೆಗೆ ಹೆಚ್ಚಾಗಿ ಎಳೆಯಿತು.

ವಿಮಾನದಳವನ್ನು ಸೇರುವುದು ಅವನಿಗೆ ಸುಲಭವಾಗಲಿಲ್ಲ. ಬ್ರಿಟನ್ನಿನ ವಿಮಾನದಳಕ್ಕೆ ಆಗ ರಾಯಲ್ ಫ್ಲೈಯಿಂಗ್ ಕೋರ್ ಎಂಬ ಹೆಸರಿದ್ದಿತು. ವೈದ್ಯಕೀಯ ಪರೀಕ್ಷೆಯಲ್ಲಿ ಅವನ ದೃಷ್ಟಿ ಸಾಲದೆಂದು ಅವನನ್ನು ತಿರಸ್ಕರಿಸಿದರು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಆಸೆಯನ್ನು ಬಿಡುತ್ತಿದ್ದನು. ಇಂದ್ರಲಾಲನು ತನ್ನ ಮೋಟಾರು ಸೈಕಲನ್ನು ಮಾರಿ, ಬಂದ ಹಣದಿಂದ ಪ್ರಸಿದ್ಧ ನೇತ್ರತಜ್ಞರೊಬ್ಬರಲ್ಲಿ ಕಣ್ಣುಗಳನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡನೆಂದು ಅವನ ಜೀವನವೃತ್ತಾಂತದಲ್ಲಿ ಬರುತ್ತದೆ. ತಜ್ಞರ ಅಭಿಪ್ರಾಯದ ಮುಂದೆ ಮೊದಲಿನ ತೀರ್ಮಾನ ನಿಲ್ಲಲಿಲ್ಲ. 1917ರ ಏಪ್ರಿಲ್ ತಿಂಗಳಲ್ಲಿ ಅವನು ಶಿಕ್ಷಣಾರ್ಥಿಯಾಗಿ ಸೇರಿ, ಜುಲೈ 5ರಂದು ಸೆಕೆಂಡ್ ಲೆಫ್ಟಿನೆಂಟ್ ಪದವಿಯನ್ನು ಪಡೆದನು.

ಈ ಪದವಿಯ ಮಹತ್ತ್ವವನ್ನು ಅರಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ನೆನೆಯಬೇಕು. ಭಾರತವು ಆಗ ಬ್ರಿಟಿಷರ ಆಳಿಕೆಯಲ್ಲಿತ್ತು. ಭಾರತೀಯ ಸೈನಿಕನು ಎಷ್ಟೇ ಪರಾಕ್ರಮಿಯಾಗಿದ್ದರೂ ಭೂಸೇನೆಯ ಹೋರಾಡುವ ದಳಗಳಲ್ಲಿ ಬ್ರಿಟಿಷ್ ಅಧಿಕಾರಿಗೆ ಸರಿಸಮನಾದ ಸ್ಥಾನಕ್ಕೆ ಏರುವುದು ಅಸಾಧ್ಯವೆನ್ನುವಂತಿತ್ತು. ಆ ಬಾಗಿಲು ಕೊಂಚವಾಗಿ ತೆರೆದದ್ದು 1917ರ ಆಗಸ್ಟ್ ತಿಂಗಳಲ್ಲಿ. ಅದಕ್ಕೆ ಮೊದಲೇ ಬೆರಳೆಣಿಕೆಯಷ್ಟು ಭಾರತೀಯ ತರುಣರು ವಿಮಾನದಳದಲ್ಲಿ ಅಧಿಕಾರಿಗಳಾದರು. ಅವರಲ್ಲಿ ಪಂಜಾಬಿನ ಹರ್ದಿತ್ ಸಿಂಗ್ ಮಲಿಕ್ ಒಬ್ಬನು. ಅವನನ್ನು ಮೊದಲು ಸೇರಿಸಿಕೊಳ್ಳದಿದ್ದಾಗ ಅವನು ಫ್ರಾನ್ಸಿಗೆ ಹೋಗಿ ಗಾಯಾಳುಗಳನ್ನು ಸಾಗಿಸುವ ವಾಹನವನ್ನು ನಡೆಸಿದನು. ಅನಂತರ ವೈಮಾನಿಕನಾಗಿ, ರುಮಾಲಿನ ಮೇಲೆ ಧರಿಸಲು ಬರುವಂತೆ ಮಾಡಿಸಿಕೊಂಡ ವಿಶೇಷ ಶಿರಸ್ತ್ರಾಣವನ್ನು ತೊಟ್ಟು ಹಾರಿದನು. ಮುಂಬಯಿಯ ವೆಲಿಂಕರ್ 1918ರಲ್ಲಿ ರಣರಂಗದಲ್ಲಿಯೇ ಮಡಿದನು. ಕಲ್ಕತ್ತೆಯ ಸೇನ್ ಶತ್ರುಗಳ ಸೆರೆಯಾಳಾದನು.

ಅಂದಿನ ಯುದ್ಧವಿಮಾನ ಹೇಗಿತ್ತು ಎಂಬುದನ್ನು ಇಲ್ಲಿ ತಿಳಿಯುವುದು ಉಚಿತ. ಇಂದ್ರಲಾಲನು ನಡೆಸುತ್ತಿದ್ದ ವಿಮಾನಕ್ಕೆ ಎಸ್.ಇ. 5ಎ ಎಂದು ಹೆಸರು. ಮರದ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು, ಆ ಬಟ್ಟೆಗೆ ಒಂದು ಬಗೆಯ ಅಂಟುದ್ರವವನ್ನು ಬಳಿದು ಅದನ್ನು ಸಿದ್ಧಪಡಿಸುತ್ತಿದ್ದರು. ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆಗಳು. ಸುಮಾರು 200 ಅಶ್ವಶಕ್ತಿಯ ಇಂಜಿನು. ಗಂಟೆಗೆ ಸುಮಾರು 220 ಕಿಲೋಮೀಟರು ವೇಗ. ಚಾಲಕನು ಒಬ್ಬನೇ. ಅವನ ಎದುರಿಗೆ ಒಂದು ಮೆಷಿನ್ ಗನ್ ಇರುತ್ತಿತ್ತು. ತಿರುಗುವ ಪ್ರೊಪೆಲ್ಲರಿನ ಅಲಗುಗಳಿಗೆ ತಾಗದಂತೆ, ಅವುಗಳ ನಡುವಿನಿಂದಲೇ ಗುಂಡುಗಳು ಹೊರಡುವಂತೆ ಇಂಜಿನಿಗೂ ಬಂದೂಕಿಗೂ ಹೊಂದಾಣಿಕೆಯನ್ನು ಕಲ್ಪಿಸಲಾಗಿತ್ತು. ಮೇಲಿನ ರೆಕ್ಕೆಯ ಮೇಲೆ ಇನ್ನೊಂದು ಬಂದೂಕು. ಅದರ ಗುಂಡುಗಳು ಮುಗಿದಾಗ ಚಾಲಕನು ಅದನ್ನು ಕೆಳಕ್ಕೆಳೆದು ಒಂದು ಕೈಯಿಂದ ಗುಂಡಿನ ಡಬ್ಬಿಯನ್ನು ಬದಲಾಯಿಸಬೇಕಾಗಿತ್ತು. ಅದೇ ಸಮಯದಲ್ಲಿ ವಿಮಾನವನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು.

ಚಾಲಕನ ತಲೆಯ ಮೇಲೆ ಯಾವ ಮುಚ್ಚಳವೂ ಇರಲಿಲ್ಲ. ಹದಿನೈದು ಸಾವಿರ ಅಡಿಗಳ ಎತ್ತರದಲ್ಲಿ ಕೊರೆಯುವ ಚಳಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಉಸಿರಾಡಲು ಗಾಳಿ ವಿರಳವಾಗಿತ್ತು. ಇದಕ್ಕಿಂತ ಭಯಂಕರವಾದುದು ಬೆಂಕಿ. ಪೆಟ್ರೋಲಿನ ತೊಟ್ಟಿಗೆ ಗುಂಡು ತಗುಲಿದರೆ ಮರ ಬಟ್ಟೆಗಳ ಆ ವಿಮಾನ ಕ್ಷಣಮಾತ್ರದಲ್ಲಿ ಉರಿಯತೊಡಗುತ್ತಿತ್ತು. ಧುಮುಕಿ ಪಾರಾಗೋಣವೆಂದರೆ ಬ್ರಿಟಿಷ್ ವೈಮಾನಿಕರಿಗೆ ಪ್ಯಾರಾಶೂಟನ್ನು ಕೊಡುತ್ತಿರಲಿಲ್ಲ. ಆದುದರಿಂದ ಪ್ರತಿ ಬಾರಿಯೂ ಮೇಲೇರುವ ವೈಮಾನಿಕನು ಮರಳುವ ಭರವಸೆಯಿಲ್ಲದೆ ಏರುತ್ತಿದ್ದನು.

ತರಬೇತಿಯನ್ನು ಮುಗಿಸಿದ ಇಂದ್ರಲಾಲನನ್ನು 1917ರ ಅಕ್ಟೋಬರ್ ಕೊನೆಯಲ್ಲಿ ಫ್ರಾನ್ಸಿನಲ್ಲಿದ್ದ 56ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಿದರು. ಅದು ಬಹು ಹೆಸರಾದ ದಳ. ಆದರೆ ಅಲ್ಲಿ ಅವನಿಗೆ ದೊರೆತದ್ದು ಕೀರ್ತಿಯಲ್ಲ, ಅಪಘಾತ. ಡಿಸೆಂಬರ್ 6ರಂದು ಅವನ ವಿಮಾನ ನೆಲಕ್ಕೆ ಅಪ್ಪಳಿಸಿತು. ಪ್ರಜ್ಞೆ ತಪ್ಪಿದ್ದ ಅವನನ್ನು ಸತ್ತನೆಂದು ಭಾವಿಸಿ ಆಸ್ಪತ್ರೆಯ ಶವಾಗಾರದಲ್ಲಿ ಇರಿಸಿದ್ದರೆಂದೂ, ಎಚ್ಚರವಾದಾಗ ಅವನು ಬಾಗಿಲನ್ನು ಬಡಿದು ಕೂಗಿದನೆಂದೂ, ಒಳಗಿದ್ದವನು ಬದುಕಿದ್ದಾನೆಂದು ನಂಬಲು ಅಲ್ಲಿಯವರಿಗೆ ಬಹಳ ಹೊತ್ತು ಹಿಡಿಯಿತೆಂದೂ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಹೇಗೇ ಇರಲಿ, ವೈದ್ಯರು ಅವನು ಇನ್ನು ಹಾರಲು ಅನರ್ಹನೆಂದು ನಿರ್ಧರಿಸಿದರು.

ಮುಂದಿನ ತಿಂಗಳುಗಳು ಅವನ ಪಾಲಿಗೆ ಕಠಿಣ ಪರೀಕ್ಷೆಯ ಕಾಲವಾದುವು. ದೇಹ ಚೇತರಿಸಿಕೊಳ್ಳುತ್ತಿರುವಾಗ ಅವನು ಪೆನ್ಸಿಲನ್ನು ಹಿಡಿದು ವಿಮಾನಗಳ ಚಿತ್ರಗಳನ್ನು ಬರೆದನು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಸಾಮಗ್ರಿಗಳ ಉಸ್ತುವಾರಿಯ ಕೆಲಸವನ್ನು ಅವನಿಗೆ ವಹಿಸಲಾಯಿತು. ನೆಲದ ಮೇಲಿನ ಆ ಕೆಲಸದಲ್ಲಿ ಅಪಾಯವಿರಲಿಲ್ಲ. ಅಲ್ಲಿಯೇ ಉಳಿದಿದ್ದರೆ ಯಾರೂ ಅವನನ್ನು ಹೇಡಿಯೆನ್ನುತ್ತಿರಲಿಲ್ಲ. ಆದರೂ ಅವನು ಪಟ್ಟುಬಿಡದೆ ಮೇಲಧಿಕಾರಿಗಳನ್ನು ಕೇಳಿಕೊಂಡು, 1918ರ ಜೂನ್ ತಿಂಗಳಲ್ಲಿ ಮತ್ತೆ ಹಾರಲು ಅನುಮತಿ ಪಡೆದು 40ನೆಯ ಸ್ಕ್ವಾಡ್ರನ್ನನ್ನು ಸೇರಿದನು. ಅಷ್ಟರಲ್ಲಿ, ಅದೇ ವರ್ಷದ ಏಪ್ರಿಲ್ 1ರಂದು, ಬ್ರಿಟನ್ನಿನ ಭೂಸೇನೆ ಮತ್ತು ನೌಕಾಸೇನೆಗಳ ವಿಮಾನದಳಗಳು ಒಂದಾಗಿ ರಾಯಲ್ ಏರ್ ಫೋರ್ಸ್ ರೂಪುಗೊಂಡಿತ್ತು.

ಅಲ್ಲಿ ಅವನ ನಾಯಕನಾಗಿದ್ದವನು ಜಾರ್ಜ್ ಮೆಕೆಲ್ರಾಯ್ ಎಂಬ ಐರ್ಲೆಂಡಿನ ವೀರ. ಅವನ ಹತ್ತಿರ ಇಂದ್ರಲಾಲನು ಆಕಾಶಯುದ್ಧದ ಮರ್ಮಗಳನ್ನು ಅರಿತನು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಿದರೆ ಶತ್ರುವಿನ ಕಣ್ಣು ಕೋರೈಸುತ್ತದೆ. ಎತ್ತರದಲ್ಲಿರುವವನಿಗೆ ವೇಗವೂ ಒದಗುತ್ತದೆ. ದೂರದಿಂದ ಗುಂಡು ಹಾರಿಸಿದರೆ ಅದು ವ್ಯರ್ಥ. ಜರ್ಮನರ ಇಬ್ಬರು ಕೂರುವ ಹ್ಯಾನೋವರ್ ವಿಮಾನಗಳನ್ನು ಎದುರಿಸುವುದು ವಿಶೇಷವಾಗಿ ಕಷ್ಟವಾಗಿತ್ತು. ಅವುಗಳ ಹಿಂಬದಿಯಲ್ಲಿ ಒಬ್ಬ ಬಂದೂಕುಗಾರನು ಕುಳಿತಿರುತ್ತಿದ್ದನು. ಬೆನ್ನಟ್ಟಿ ಬಂದವನು ಅವನ ಗುರಿಗೆ ಸಿಕ್ಕುತ್ತಿದ್ದನು. ಆದುದರಿಂದ ಬಾಲದ ಕೆಳಗಿನಿಂದ, ಅವನ ಕಣ್ಣಿಗೆ ಬೀಳದಂತೆ ಸಮೀಪಿಸಬೇಕಾಗಿತ್ತು. ಇಂಥ ಇಬ್ಬರು ಕೂರುವ ವಿಮಾನಗಳು ಕೆಳಗಿನ ಕಂದಕಗಳ ಛಾಯಾಚಿತ್ರಗಳನ್ನು ತೆಗೆದು, ಫಿರಂಗಿಗಳಿಗೆ ಗುರಿಯನ್ನು ತಿಳಿಸುತ್ತಿದ್ದುವು. ಅಂಥ ಒಂದು ವಿಮಾನವನ್ನು ಕೆಡಹಿದರೆ ಕಂದಕಗಳಲ್ಲಿದ್ದ ಎಷ್ಟೋ ಕಾಲಾಳುಗಳ ಪ್ರಾಣ ಉಳಿಯುತ್ತಿತ್ತು.

ಜುಲೈ 6ರಂದು ಇಂದ್ರಲಾಲನು ತನ್ನ ಮೊದಲ ವಿಜಯವನ್ನು ಗಳಿಸಿದನು. ಹ್ಯಾನೋವರ್ ವಿಮಾನವೊಂದು ಅವನ ಗುಂಡಿಗೆ ಉರುಳಿತು. ಜುಲೈ 8ರಂದು ನಾಲ್ಕು ಗಂಟೆಗಳೊಳಗೆ ಮೂರು ವಿಮಾನಗಳು ಅವನಿಗೆ ಸೋತವು. ಜುಲೈ 13ರಂದು ಎರಡು, 15ರಂದು ಎರಡು, 18ರಂದು ಒಂದು, 19ರಂದು ಮತ್ತೊಂದು. ಹೀಗೆ ಎರಡು ವಾರಗಳೊಳಗೆ ಹತ್ತು ವಿಜಯಗಳು ಅವನ ಹೆಸರಿಗೆ ಸೇರಿದುವು; ಅವುಗಳಲ್ಲಿ ಎರಡು ಜೊತೆಗಾರರೊಡನೆ ಹಂಚಿಕೊಂಡವು. ಐದು ವಿಮಾನಗಳನ್ನು ಕೆಡಹಿದವನನ್ನು ಅಂದು ‘ಏಸ್’ ಎಂದು ಗೌರವಿಸುತ್ತಿದ್ದರು. ಆ ಗೌರವಕ್ಕೆ ಪಾತ್ರನಾದ ಆ ಯುದ್ಧದ ಭಾರತೀಯ ವೈಮಾನಿಕನೆಂದು ಇಂದ್ರಲಾಲನು ಪ್ರಸಿದ್ಧನಾಗಿದ್ದಾನೆ. ಅವನ ಒಟ್ಟು ಹಾರಾಟವೆಲ್ಲ ಸೇರಿ 170 ಗಂಟೆಗಳಿಗಿಂತ ಸ್ವಲ್ಪವೇ ಹೆಚ್ಚು.

ಕೊನೆಯ ವಿಜಯವಾದ ಮೂರನೆಯ ದಿನ, ಜುಲೈ 22ರಂದು, ಅವನು ಎಂದಿನಂತೆ ಗಸ್ತಿಗಾಗಿ ಹೊರಟನು. ಫ್ರಾನ್ಸಿನ ಕಾರ್ವೆಂ ಪಟ್ಟಣದ ಮೇಲೆ ಜರ್ಮನರ ಫೋಕರ್ ವಿಮಾನಗಳು ಎದುರಾದುವು. ಘೋರ ಹೋರಾಟ ನಡೆಯಿತು. ಇಂದ್ರಲಾಲನ ವಿಮಾನಕ್ಕೆ ಬೆಂಕಿ ಹತ್ತಿತು. ಅದು ಶತ್ರುಗಳ ವಶದಲ್ಲಿದ್ದ ನೆಲದ ಮೇಲೆ ಬಿದ್ದಿತು. ಅವನಿಗೆ ಆಗ ಹತ್ತೊಂಬತ್ತು ವರ್ಷ ಏಳು ತಿಂಗಳು. ಒಂಬತ್ತು ದಿನಗಳ ಅನಂತರ, ಜುಲೈ 31ರಂದು, ಅವನ ನಾಯಕನಾದ ಮೆಕೆಲ್ರಾಯ್ ಸಹ ಹತನಾದನು. ಸರಿಯಾಗಿ ಹದಿನಾರು ವಾರಗಳು ಕಳೆದ ಮೇಲೆ, ನವೆಂಬರ್ 11ರಂದು, ಯುದ್ಧ ನಿಂತಿತು. ಇನ್ನು ಮೂರು ವಾರಗಳಿಗೆ ಇಂದ್ರಲಾಲನ ಇಪ್ಪತ್ತನೆಯ ಹುಟ್ಟುಹಬ್ಬ ಬರುವುದಿತ್ತು.

1918ರ ಸೆಪ್ಟೆಂಬರಿನಲ್ಲಿ ಅವನಿಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ಘೋಷಿಸಲಾಯಿತು. ಆ ಪದಕವನ್ನು ಪಡೆದ ಮೊದಲ ಭಾರತೀಯನು ಅವನೇ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ತನ್ನ ದೇಶವನ್ನು ಆಳುತ್ತಿದ್ದವರ ಯುದ್ಧದಲ್ಲಿ ಒಬ್ಬ ಭಾರತೀಯನು ಪ್ರಾಣ ತೆತ್ತದ್ದೇಕೆ? ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆಯ ರಣರಂಗಗಳಿಗೆ ಹೋದರು. ಸುಮಾರು 74,000 ಮಂದಿ ಮಡಿದರು. ಇಂದ್ರಲಾಲನು ಮಡಿದ ಎರಡು ತಿಂಗಳಿಗೆ, ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಸಂಸ್ಥಾನದ ರಾವುತರು ದೂರದ ಪ್ಯಾಲೆಸ್ಟೈನಿನಲ್ಲಿ ಜೋಧಪುರದ ರಾವುತರೊಡನೆ ಹೈಫಾ ನಗರವನ್ನು ಗೆದ್ದರು. ಕೆಲವರು ಸಂಬಳಕ್ಕಾಗಿ ಹೋದರು. ಕೆಲವರು ಬಲವಂತಕ್ಕೆ ಹೋದರು. ಕೆಲವರಿಗೆ ಸಾಹಸದ ಬಯಕೆ. ಭಾರತವು ಈ ಸಂಕಟಕಾಲದಲ್ಲಿ ನೆರವಾದರೆ ಸ್ವರಾಜ್ಯ ಸಮೀಪಿಸುವುದೆಂಬ ನಂಬಿಕೆಯೂ ಅಂದಿನ ಅನೇಕ ನಾಯಕರಲ್ಲಿ ಇದ್ದಿತು. ಯುದ್ಧ ಮುಗಿದು ಆರು ತಿಂಗಳಾಗುವ ಮೊದಲೇ, 1919ರ ಏಪ್ರಿಲ್ 13ರಂದು, ಜಲಿಯನ್ ವಾಲಾ ಬಾಗಿನಲ್ಲಿ ಹಾರಿದ ಗುಂಡುಗಳು ಆ ನಂಬಿಕೆಯನ್ನು ನುಚ್ಚುನೂರು ಮಾಡಿದುವು. ಅದನ್ನು ಕಾಣಲು ಇಂದ್ರಲಾಲನು ಉಳಿದಿರಲಿಲ್ಲ.

ಆದರೆ ಅವನೂ ಅವನ ಸಂಗಡಿಗರೂ ಒಂದು ಸಂಗತಿಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟರು. ಯಂತ್ರವನ್ನು ನಡೆಸುವ ಕೌಶಲವಾಗಲಿ, ಸಾವಿನೆದುರಿಗೆ ಕದಲದ ಧೈರ್ಯವಾಗಲಿ ಆಳುವ ಜನಾಂಗದವರ ಸೊತ್ತಲ್ಲ ಎಂಬುದೇ ಆ ಸಂಗತಿ. ಭಾರತೀಯರು ಆ ಪದವಿಗಳಿಗೆ ತಕ್ಕವರಲ್ಲವೆಂಬ ವಾದವು ಅವರ ಮುಂದೆ ಬಲ ಕಳೆದುಕೊಂಡಿತು. 1932ರ ಅಕ್ಟೋಬರ್ 8ರಂದು ಭಾರತದ ವಾಯುಪಡೆಯು ಸ್ಥಾಪನೆಯಾಯಿತು. ಅದರ ಮೊದಲ ವೈಮಾನಿಕರಲ್ಲೊಬ್ಬರಾದ ಸುಬ್ರತೋ ಮುಖರ್ಜಿಯವರು 1954ರಲ್ಲಿ ಸ್ವತಂತ್ರ ಭಾರತದ ವಾಯುಪಡೆಗೆ ಮೊದಲ ಭಾರತೀಯ ಮುಖ್ಯಸ್ಥರಾದರು.

ಇಂದ್ರಲಾಲನ ಸಮಾಧಿ ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯ ಶ್ಮಶಾನದಲ್ಲಿದೆ. ಅಲ್ಲಿನ ಕಲ್ಲಿನ ಮೇಲೆ ಅವನ ತಾಯ್ನುಡಿಯಾದ ಬಂಗಾಳಿಯಲ್ಲಿಯೂ ಕೆಲವು ಅಕ್ಷರಗಳನ್ನು ಕೊರೆಯಲಾಗಿದೆ. ವೀರನ ಈ ಸಮಾಧಿಗೆ ಗೌರವ ತೋರಿರಿ ಎಂಬುದು ಅವುಗಳ ಭಾವ. ಕಲ್ಕತ್ತೆಯ ಭವಾನಿಪುರದಲ್ಲಿ ಒಂದು ರಸ್ತೆಗೆ ಅವನ ಹೆಸರಿದೆ. ಅವನು ಹುಟ್ಟಿ ನೂರು ವರ್ಷಗಳಾದಾಗ, 1998ರ ಡಿಸೆಂಬರ್ ತಿಂಗಳಲ್ಲಿ, ಭಾರತ ಸರ್ಕಾರವು ಅವನ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ದೃಷ್ಟಿ ಸಾಲದೆಂದು ಒಮ್ಮೆ ತಿರಸ್ಕೃತನಾದ ಹುಡುಗನೇ ಸ್ವದೇಶದ ಮುಂದಿನ ಪೀಳಿಗೆಯ ವೈಮಾನಿಕರಿಗೆ ಬಾನಿನ ದಾರಿಯನ್ನು ತೋರಿಸಿದನು.