ಗಡಿಯಾರ ಹಿಡಿದು ನಿಂತವರ ಋಣ

ಬೆಳಗಿನ ಮೊದಲ ಬಸ್ಸು ಹಿಡಿಯುವವರಿಗೆ ಈ ನೋಟ ಹೊಸದಲ್ಲ. ರಾಯಚೂರಿನ ಮೈದಾನಗಳಲ್ಲಿ, ದೇವದುರ್ಗ, ಮಾನ್ವಿ ಕಡೆಯ ರಸ್ತೆಗಳ ಅಂಚಿನಲ್ಲಿ ಕತ್ತಲಿರುವಾಗಲೇ ಹುಡುಗರು ಓಡುತ್ತಿರುತ್ತಾರೆ. ಈಚೆಗೆ ಹುಡುಗಿಯರೂ ಇದ್ದಾರೆ. ಬೇಸಿಗೆ ಬಂತೆಂದರೆ 40 ಡಿಗ್ರಿ ದಾಟುವ ಸೀಮೆ ಇದು. ಹೊತ್ತು ಏರಿದ ಮೇಲೆ ಓಡುವ ಮಾತೇ ಇಲ್ಲ.

ಇವರಿಗೆಲ್ಲ ಪದಕದ ಹುಚ್ಚೇ? ಕೆಲವರಿಗೆ ಇದ್ದೀತು. ಬಹಳ ಮಂದಿಗೆ ಬೇಕಾಗಿರುವುದು ಖಾಕಿ ಅಂಗಿ. ಈಚಿನ ವರ್ಷಗಳ ನೇಮಕಾತಿಯಲ್ಲಿ ನಾಗರಿಕ ಪೊಲೀಸ್ ಪೇದೆಯಾಗಬೇಕಾದರೆ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಂಗಸರು 400 ಮೀಟರನ್ನು 2 ನಿಮಿಷದೊಳಗೆ ಓಡಿ ತೋರಿಸಬೇಕು. ಬರೆಯುವ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಇಲ್ಲಿ ತಡವಾದರೆ ಮನೆಗೆ ವಾಪಸ್. ಮುಂದಿನ ನೇಮಕಾತಿಗೆ ಕಾಯಬೇಕು. ವಯಸ್ಸಿನ ಮಿತಿ ಮಾತ್ರ ಕಾಯುವುದಿಲ್ಲ. 2013ರಲ್ಲಿ ಜಾರಿಗೆ ಬಂದ 371ಜೆ ವಿಧಿ ಈ ಭಾಗದವರಿಗೆ ಹುದ್ದೆಗಳಲ್ಲಿ ಮೀಸಲಾತಿ ಕೊಟ್ಟಿದೆ, ಖರೆ. ಓಟದಲ್ಲಿ ಅದು ಒಂದು ಸೆಕೆಂಡನ್ನೂ ಹೆಚ್ಚಿಗೆ ಕೊಡುವುದಿಲ್ಲ.

ಸುತ್ತಿನ ಲೆಕ್ಕ

ಓಡುವುದೇನು, ಕಾಲಿದ್ದವರೆಲ್ಲ ಓಡುತ್ತಾರೆ ಬಿಡ್ರಿ ಎನ್ನುವವರಿದ್ದಾರೆ. ಹಂಗಲ್ಲ ಅದು. 400 ಮೀಟರಿನ ಮೈದಾನಕ್ಕೆ ನಾಲ್ಕು ಸುತ್ತು. ಸುತ್ತೊಂದಕ್ಕೆ ಸಿಗುವುದು 97 ಸೆಕೆಂಡು, ಮೇಲೊಂದು ಅರ್ಧ. ಹೊಸಬ ಏನು ಮಾಡುತ್ತಾನೆ? ಮೊದಲ ಸುತ್ತನ್ನು 75 ಸೆಕೆಂಡಿನಲ್ಲಿ ಹಾರಿ ಮುಗಿಸುತ್ತಾನೆ. ಉಳಿದ ಮೂರಕ್ಕೆ ತಲಾ 105 ಸೆಕೆಂಡು ಇದೆಯಲ್ಲ ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿ ಕಾಲು ಕಲ್ಲಾಗಿರುತ್ತದೆ.

ಇದನ್ನು ಹೇಳಿಕೊಡುವವರು ಯಾರು? ಹಿಂದೆ ಓಡಿ ಕೆಟ್ಟವರು, ಓಡಿ ಗೆದ್ದವರು. "ತಮ್ಮಾ, ಇದ್ದ ಬಂಡವಾಳ ಎಲ್ಲಾ ಮೊದಲನೇ ಸುತ್ತಿನ್ಯಾಗ ಹಾಕಬ್ಯಾಡ" ಎಂದು ಹೇಳಲು ಒಬ್ಬ ಹಿರಿಯ ಗೆರೆಯ ಪಕ್ಕ ಗಡಿಯಾರ ಹಿಡಿದು ನಿಂತಿರಬೇಕು. ಹೆಸರಿನ ಹಲಗೆ ಇರಲಿ ಬಿಡಲಿ, ಅಂಥವನೊಬ್ಬ ದಿನಾ ಬರುವ ಜಾಗವೇ ಓಟದ ಕ್ಲಬ್ಬು. ಅವನು ಬರುವುದು ನಿಂತರೆ ಉಳಿಯುವುದು ಬರೀ ಮೈದಾನ.

ಬೆಳಗಾವಿಯ ಚೌಗುಲೆ

ಕರ್ನಾಟಕದಲ್ಲಿ ಇದಕ್ಕೆ ನೂರು ವರ್ಷ ಮೀರಿದ ಸಾಕ್ಷಿಯಿದೆ. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಓಡಿದರು. ಆ ಸಲದ ದೂರ 42.75 ಕಿ.ಮೀ. ಅವರು ತೆಗೆದುಕೊಂಡ ಹೊತ್ತು 2 ಗಂಟೆ 50 ನಿಮಿಷ 45 ಸೆಕೆಂಡು. ಬಂದ ಸ್ಥಾನ 19ನೆಯದು.

ಆದರೆ ಅವರು ಅಲ್ಲಿಗೆ ಹೋದದ್ದು ಹೇಗೆ? ಪುಣೆಯ ಡೆಕ್ಕನ್ ಜಿಮಖಾನಾ ಕ್ಲಬ್ಬು ಓಟದ ಸ್ಪರ್ಧೆ ನಡೆಸುತ್ತಿತ್ತು. ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ 1919ರಲ್ಲಿ ಬರಿಗಾಲಿನಲ್ಲಿ ಓಡುವ ರೈತಾಪಿ ಹುಡುಗರನ್ನು ನೋಡಿದರು. ತರಬೇತಿಯೇ ಇಲ್ಲದ ಇವರ ಹೊತ್ತು ಯೂರೋಪಿನವರ ಹೊತ್ತಿಗೆ ಸಮೀಪವಾಗಿದೆಯಲ್ಲ ಎಂದು ಅವರಿಗೆ ಅನ್ನಿಸಿತು. ಒಲಿಂಪಿಕ್ಸಿಗೆ ತಂಡ ಕಳಿಸುವ ಯೋಚನೆ ಬಂದದ್ದು ಅಲ್ಲಿಂದ. ಹೋಲಿಸಿ ನೋಡಬೇಕಾದರೆ ಓಟದ ಹೊತ್ತನ್ನು ಯಾರೋ ಅಳೆದು ಬರೆದಿಟ್ಟಿರಲೇಬೇಕು. ಬರೆದವರ ಹೆಸರನ್ನು ಇಂದು ಯಾರೂ ಹೇಳುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯ ವಾಷರು

ಇನ್ನೊಂದು ಕಥೆ ಲಂಡನ್ನಿನದು. ಪಾಲ್ ಸಿಂಟನ್ ಹ್ಯೂಯಿಟ್ ಎಂಬಾತ ಕ್ಲಬ್ಬಿನ ಓಟಗಾರ. ಗಾಯವಾಗಿ ಓಡುವಂತಿರಲಿಲ್ಲ. ಮನೆಯಲ್ಲಿ ಕೂಡ್ರುವ ಬದಲು, ಗೆಳೆಯರು ಓಡಲಿ, ತಾನು ಹೊತ್ತು ನೋಡುತ್ತೇನೆ ಎಂದ. 2004ರ ಗಾಂಧಿ ಜಯಂತಿಯ ದಿನ ಬುಷಿ ಪಾರ್ಕ್ ಎಂಬ ಉದ್ಯಾನದಲ್ಲಿ 5 ಕಿ.ಮೀ. ಓಟಕ್ಕೆ ಬಂದವರು 13 ಜನ. ಫೀಜು ಇಲ್ಲ. ಮೊದಲು ಬಂದವರು ಯಾರು, ನಂತರದವರು ಯಾರು ಎಂಬ ಲೆಕ್ಕಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ವಾಷರುಗಳ ಮೇಲೆ ನಂಬರು ಒತ್ತಿ ಕೈಗೆ ಕೊಡುತ್ತಿದ್ದರು. ಆ ವಾಷರಿನ ಕ್ಲಬ್ಬು 'ಪಾರ್ಕ್‌ರನ್' ಎಂಬ ಹೆಸರಿನಲ್ಲಿ ಇಂದು 20ಕ್ಕೂ ಹೆಚ್ಚು ದೇಶಗಳಲ್ಲಿದೆ. ಅಲ್ಲಿ ಓಡಿದವರಿಗೆ ಇರುವಂತೆ, 25 ಸಲ ನಿಂತು ಕೆಲಸ ಮಾಡಿದವರಿಗೂ ಬೇರೆ ಬಣ್ಣದ ಅಂಗಿಯ ಮರ್ಯಾದೆಯುಂಟು.

12 ಗಂಟೆಯ ಬಸ್ಸು

ಬಸ್ಸಿನವರಿಗೆ ಇನ್ನೂ ರುಚಿಸುವ ಸುದ್ದಿ ದಕ್ಷಿಣ ಆಫ್ರಿಕಾದ್ದು. ಅಲ್ಲಿ 1921ರಲ್ಲಿ ವಿಕ್ ಕ್ಲಾಫಮ್ ಎಂಬ ರೈಲು ಚಾಲಕ, ಮಹಾಯುದ್ಧದಲ್ಲಿ ಸತ್ತ ಸಂಗಾತಿಗಳ ನೆನಪಿಗೆ ಕಾಮ್ರೇಡ್ಸ್ ಓಟ ಶುರು ಮಾಡಿದ. ಮೊದಲ ವರ್ಷ ಹೊರಟವರು 34 ಜನ, ಮುಟ್ಟಿದವರು 16. ದೂರ ಸುಮಾರು 90 ಕಿ.ಮೀ., ಅಂದರೆ ಹೆಚ್ಚುಕಡಿಮೆ ರಾಯಚೂರಿಂದ ಮಾನ್ವಿಗೆ ಹೋಗಿ ವಾಪಸ್ ಬಂದಂತೆ. ಈಗ ಗಡುವು 12 ಗಂಟೆ.

ಆ ಓಟದಲ್ಲಿ 'ಬಸ್ಸು' ಇದೆ. ಗಾಲಿಯದಲ್ಲ, ಕಾಲಿನದು. ಅನುಭವಸ್ಥನೊಬ್ಬ 'ಡ್ರೈವರ್' ಆಗುತ್ತಾನೆ. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು ಎಂದು ಕೂಗಿ ಹೇಳುತ್ತಾ, ಹಿಂದೆ ಬೀಳುವವರನ್ನೆಲ್ಲ ಗುಂಪು ಕಟ್ಟಿಸಿಕೊಂಡು ಗಡುವಿನೊಳಗೆ ಮುಟ್ಟಿಸುತ್ತಾನೆ. ಬೇಗ ಓಡುವ ಶಕ್ತಿ ಇದ್ದರೂ ತನ್ನ ಹೊತ್ತನ್ನು ಬಿಟ್ಟುಕೊಡುತ್ತಾನೆ. ಹತ್ತು ಸಲ ಓಟ ಮುಗಿಸಿದವರಿಗೆ ಹಸಿರು ನಂಬರು ಸಿಗುತ್ತದೆ. ಆ ನಂಬರು ಕಾಯಂ ಅವರದೇ.

ಇಲ್ಲಿ ಬೇಕಾದದ್ದು

ದೇವದುರ್ಗ, ಮಾನ್ವಿಗಳಲ್ಲಿ ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ. ರಸ್ತೆಯ ಎರಡು ಕಿ.ಮೀ. ಕಲ್ಲುಗಳ ನಡುವೆ ಓಡಿದರೂ ಲೆಕ್ಕ ಸಿಗುತ್ತದೆ: 4 ನಿಮಿಷ 3 ಸೆಕೆಂಡಿನಲ್ಲಿ ಒಂದು ಕಿ.ಮೀ. ಮುಗಿದರೆ, ಅದೇ ವೇಗದಲ್ಲಿ 1600 ಮೀಟರು ಗಡುವಿನೊಳಗೆ ದಾಟುತ್ತದೆ. ಕತ್ತಲಲ್ಲಿ ಎದುರಿನ ಲಾರಿ ಕಾಣುವಂತೆ ರಸ್ತೆಯ ಬಲಬದಿಗೆ ಓಡಿಸಲು, ಟಾರ್ಚು ಹಿಡಿಯಲು ಒಬ್ಬರು ಬೇಕು. ಹುಡುಗಿಯರು ಬರುವ ಕಡೆ, ಮನೆಯವರಿಗೆ ಧೈರ್ಯವಾಗುವಂತೆ ಒಬ್ಬ ಹಿರಿಯಳು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ.

ಅಂಗಡಿಕಾರರು ಮನಸ್ಸು ಮಾಡಿದರೆ ಒಂದು ಕ್ಯಾನು ನೀರು, ಒಂದು ಚೀಲ ಸುಣ್ಣ, ಕಿರ್ದಿ ಬರೆಯುವಂಥ ಒಂದು ವಹಿ ಕೊಡಬಹುದು. ಆ ವಹಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ವಾರಕ್ಕೊಮ್ಮೆ ಹೊತ್ತು ಬರೆದಿಟ್ಟರೆ ಸಾಕು. 7 ನಿಮಿಷದಿಂದ 6 ನಿಮಿಷ 40ಕ್ಕೆ ಇಳಿದವನಿಗೆ ಇನ್ನು 10 ಸೆಕೆಂಡು ಕಡಿಮೆಯಾಗಬೇಕು ಎಂಬುದು ಪರೀಕ್ಷೆಯ ದಿನಕ್ಕಿಂತ ಮೊದಲೇ ಗೊತ್ತಾಗುತ್ತದೆ.

ಇನ್ನು ನೌಕರಿ ಸಿಕ್ಕವರ ಮಾತು. ಖಾಕಿ ತೊಟ್ಟ ಮೇಲೆ ಮೈದಾನದ ಕಡೆ ತಲೆ ಹಾಕದವರೂ ಇದ್ದಾರೆ. ರಜೆಗೆ ಊರಿಗೆ ಬಂದಾಗ ಒಂದೇ ಒಂದು ಬೆಳಿಗ್ಗೆ ಹೋಗಿ ಗಡಿಯಾರ ಹಿಡಿಯಲಿ. ಮೂರನೆಯ ಸುತ್ತಿನಲ್ಲಿ ಉಸಿರು ಹೋದ ಹುಡುಗನಿಗೆ "ಇನ್ನೊಂದೇ ಸುತ್ತು ಐತಿ, ಬಿಡಬ್ಯಾಡ" ಎಂದು ಕೂಗಲು ಅವರಿಗಿಂತ ಹಕ್ಕುಳ್ಳವರು ಬೇರೆ ಯಾರಿದ್ದಾರೆ?