ಉಪವಾಸ ಮತ್ತು ಪಿತ್ತಕೋಶ: ಗಾತ್ರ ಬದಲಾಗುವುದೇಕೆ, ಕಲ್ಲು ಯಾರಿಗೆ ಆಗುತ್ತದೆ?

ವಿದ್ಯಾರಣ್ಯಪುರವಾಗಲಿ, ಯಲಹಂಕವಾಗಲಿ, ಹೊಟ್ಟೆಯ ಸ್ಕ್ಯಾನಿಂಗ್‌ಗೆ ಹೆಸರು ಬರೆಸಿದವರಿಗೆ ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಆರೆಂಟು ಗಂಟೆ ಏನೂ ತಿನ್ನದೆ ಬನ್ನಿ. ಹೊಟ್ಟೆ ಖಾಲಿಯಾಗಿದ್ದಾಗ ಪಿತ್ತಕೋಶ ತುಂಬಿರುತ್ತದೆ, ಆಗಲೇ ಅದು ಸ್ಪಷ್ಟವಾಗಿ ಕಾಣುತ್ತದೆ. ವ್ರತ, ಉಪವಾಸ ಆಚರಿಸುವ ನಮ್ಮ ಮನೆಗಳವರು ಇದನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು.

ಪಿತ್ತಕೋಶದ ಕೆಲಸ

ಯಕೃತ್ತಿನ ಕೆಳಗಿರುವ ಈ ಸಣ್ಣ ಚೀಲ ವಯಸ್ಕರಲ್ಲಿ 7ರಿಂದ 10 ಸೆಂ.ಮೀ. ಉದ್ದವಿದ್ದು, ಸುಮಾರು 30ರಿಂದ 50 ಮಿ.ಲೀ. ಪಿತ್ತರಸವನ್ನು ಹಿಡಿಯುತ್ತದೆ. ಇಲ್ಲಿ ಪಿತ್ತರಸದ ನೀರಿನಂಶ ಕಡಿಮೆಯಾಗಿ ಅದು ಗಟ್ಟಿಯಾಗುತ್ತದೆ. ತುಪ್ಪ, ಎಣ್ಣೆಯಂಥ ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಒಂದು ಹಾರ್ಮೋನು ಬಿಡುಗಡೆಯಾಗಿ, ಪಿತ್ತಕೋಶ ಕುಗ್ಗಿ ಪಿತ್ತರಸವನ್ನು ಕರುಳಿಗೆ ಹರಿಸುತ್ತದೆ.

ಗಾತ್ರ ಬದಲಾಗುವುದೇಕೆ?

ಊಟವಾದ ಮೇಲೆ ಕುಗ್ಗುವುದು, ಉಪವಾಸದಲ್ಲಿ ಹಿಗ್ಗುವುದು ಸಹಜ. ಗರ್ಭಿಣಿಯರು, ಸ್ಥೂಲಕಾಯದವರು ಮತ್ತು ಬಹುಕಾಲದ ಮಧುಮೇಹವಿರುವವರಲ್ಲಿ ಪಿತ್ತಕೋಶ ದೊಡ್ಡದಾಗಿದ್ದು, ನಿಧಾನವಾಗಿ ಖಾಲಿಯಾಗಬಹುದು. ಹಳೆಯ ಉರಿಯೂತವಿದ್ದರೆ ಉಪವಾಸದಲ್ಲೂ ಕುಗ್ಗಿಯೇ ಇರಬಹುದು. ಆದ್ದರಿಂದ ವರದಿಯಲ್ಲಿನ ಅಳತೆಯೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ. ಅದು ಸರಿಯಾಗಿ ಖಾಲಿಯಾಗುತ್ತಿದೆಯೇ ಎಂಬುದೂ ಅಷ್ಟೇ ಮುಖ್ಯ.

ಕಲ್ಲು ಯಾರಿಗೆ?

ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ, ಅದು ಬಹಳ ಹೊತ್ತು ನಿಂತಲ್ಲೇ ನಿಂತರೆ ಹರಳುಗಟ್ಟಿ ಕಲ್ಲಾಗುತ್ತದೆ. ಮಹಿಳೆಯರು, 40 ದಾಟಿದವರು, ಹಲವು ಬಾರಿ ಗರ್ಭಧರಿಸಿದವರು, ಬೊಜ್ಜು ಅಥವಾ ಮಧುಮೇಹವಿರುವವರು, ಮನೆತನದಲ್ಲಿ ಈ ತೊಂದರೆ ಇರುವವರಿಗೆ ಅಪಾಯ ಹೆಚ್ಚು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸಿದರೂ ಅಪಾಯ ಏರುತ್ತದೆ. ಸಸ್ಯಾಹಾರಿಗಳಿಗೆ ಕಲ್ಲಾಗುವುದಿಲ್ಲ ಎಂಬ ನಂಬಿಕೆ ಸರಿಯಲ್ಲ.

ಉಪವಾಸ ಮಾಡುವವರಿಗೆ

ಕಲ್ಲು ಬೆಳೆಯಲು ಸಾಮಾನ್ಯವಾಗಿ ತಿಂಗಳು, ವರ್ಷಗಳೇ ಬೇಕು. ಆರೋಗ್ಯವಂತರು ಅಷ್ಟಮಿ, ಚತುರ್ದಶಿಯ ಒಂದು ದಿನದ ಉಪವಾಸಕ್ಕೆ ಇದನ್ನು ನೆನೆದು ಹೆದರಬೇಕಿಲ್ಲ. ಆದರೆ ಪರ್ಯೂಷಣ ಅಥವಾ ದಶಲಕ್ಷಣ ಪರ್ವದಲ್ಲಿ ಎಂಟು, ಹತ್ತು ದಿನ ನಿರಂತರ ಉಪವಾಸ ಸಂಕಲ್ಪಿಸುವವರಲ್ಲಿ ಅಷ್ಟೂ ದಿನ ಪಿತ್ತರಸ ಹೆಚ್ಚಾಗಿ ಒಳಗೇ ನಿಲ್ಲುತ್ತದೆ. ಈಗಾಗಲೇ ಕಲ್ಲಿರುವವರು, ಗರ್ಭಿಣಿಯರು, ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸಂಕಲ್ಪಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಪಾರಣೆಯ ದಿನವೂ ಎಚ್ಚರವಿರಲಿ. ಕರಿದ ತಿಂಡಿ, ಸಿಹಿಯ ಭಾರಿ ಊಟ ಮಾಡಿದರೆ ಪಿತ್ತಕೋಶ ಒಮ್ಮೆಲೇ ಜೋರಾಗಿ ಕುಗ್ಗುತ್ತದೆ. ಒಳಗೆ ಕಲ್ಲಿದ್ದರೆ ಅದು ನಾಳದ ಬಾಯಿಗೆ ಸಿಕ್ಕಿಕೊಳ್ಳಬಹುದು. ಹೆಸರುಬೇಳೆಯ ಕಟ್ಟು, ಗಂಜಿಯಿಂದ ಆರಂಭಿಸಿ, ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗುವುದು ಒಳಿತು.

ಯಾವಾಗ ತಡಮಾಡಬಾರದು?

ಬಹಳಷ್ಟು ಜನರಲ್ಲಿ ಕಲ್ಲು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ಬಲ ಪಕ್ಕೆಲುಬಿನ ಕೆಳಗೆ ಗಂಟೆಗಟ್ಟಲೆ ಬಿಡದ ನೋವು, ಬಲ ಭುಜಕ್ಕೆ ಹರಡುವ ನೋವು, ಚಳಿಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು ಕಂಡರೆ ಅದನ್ನು ಉಪವಾಸದ ಆಯಾಸ ಅಥವಾ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.