ಸನ್‌ಶೈನ್ ಬಯಲಿನ ಬಿಳಿ ಆರ್ಕಿಡ್

ಆರ್ಕಿಡ್ ಎಂದೊಡನೆ ನಮಗೆ ನೆನಪಾಗುವುದು ಮಲೆನಾಡಿನ ಮರಗಳಲ್ಲಿ ಜೋಲುವ ಸೀತಾಳೆ ದಂಡೆ. ಮರದ ನೆರಳೇ ಇಲ್ಲದ ಒಣ ಬಯಲಿನಲ್ಲಿ, ಹುಲ್ಲಿನ ನಡುವೆ ನೆಲದಿಂದಲೇ ಏಳುವ ಆರ್ಕಿಡ್‌ಗಳೂ ಉಂಟು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಪಶ್ಚಿಮ ಬಯಲಿನ ‘ಸನ್‌ಶೈನ್ ಡೈಯುರಿಸ್’ ಅಂಥದ್ದು. ಬಿಳಿ ಹೂವು, ಅದರಲ್ಲಿ ನೇರಳೆ ಛಾಯೆ, ಘಮ್ಮೆನ್ನುವ ಪರಿಮಳ. ಒಂದು ಕಾಲಕ್ಕೆ ಎಷ್ಟು ದಟ್ಟವಾಗಿ ಅರಳುತ್ತಿತ್ತೆಂದರೆ, ಜನ ಅದನ್ನು ಹುಲ್ಲುಗಾವಲಿನ ಹಿಮ ಎಂದೇ ಕರೆದರು.

ಈಗ ಅದು ತಾನಾಗಿ ಉಳಿದಿರುವುದು ಒಂದೇ ಜಾಗದಲ್ಲಿ, ಕೆಲವೇ ಗಿಡಗಳಾಗಿ.

ನಮ್ಮ ಬಯಲುಸೀಮೆಯ ಎರೆನೆಲದಂತೆ ಈ ಬಯಲೂ ಲಾವಾ ಹರಿದು ಆದದ್ದು. ಇಲ್ಲಿನ ಮೂಲನಿವಾಸಿಗಳು ಹುಲ್ಲಿಗೆ ಆಗಾಗ ಬೆಂಕಿ ಕೊಡುತ್ತಿದ್ದರು. ಸುಡದೆ ಬಿಟ್ಟರೆ ಕಾಂಗರೂ ಹುಲ್ಲು ದಟ್ಟವಾಗಿ ಬೆಳೆದು ಸಣ್ಣ ಗಿಡಗಳ ಉಸಿರು ಕಟ್ಟಿಸುತ್ತದೆ. 1835ರಲ್ಲಿ ಯುರೋಪಿಯನ್ನರು ಬಂದು ನೆಲೆಯೂರಿದ ಮೇಲೆ ಕುರಿಮಂದೆ ಬಂತು, ನೇಗಿಲು ಬಂತು, ಕೊನೆಗೆ ಕಾರ್ಖಾನೆಯೂ ಬಂತು. ಸನ್‌ಶೈನ್ ಎಂಬ ಬಡಾವಣೆಗೆ 1907ರಲ್ಲಿ ಆ ಹೆಸರು ಬಿದ್ದದ್ದೇ ಅಲ್ಲಿ ತಯಾರಾಗುತ್ತಿದ್ದ ಗೋಧಿ ಕೊಯ್ಲಿನ ಯಂತ್ರದಿಂದ. ಉಳುಮೆ ಕಾಣದ ರೈಲು ಹಳಿಯ ಅಂಚು, ಹಳೆಯ ಸ್ಮಶಾನಗಳಲ್ಲಷ್ಟೇ ಮೂಲ ಹುಲ್ಲುಗಾವಲಿನ ತುಣುಕುಗಳು ಉಳಿದವು. ಹಳಿಯ ಪಕ್ಕದ ಒಣಹುಲ್ಲನ್ನು ರೈಲ್ವೆಯವರು ಸುಡುತ್ತಿದ್ದದ್ದೂ ಇಂಥ ಗಿಡಗಳಿಗೆ ಒಳ್ಳೆಯದೇ ಆಯಿತು.

ಈ ಗಿಡದ ಬದುಕು ಬಲು ನಾಜೂಕು. ಬೇಸಿಗೆಯಲ್ಲಿ ಎಲೆ ಒಣಗಿ, ನೆಲದೊಳಗಿನ ಗೆಡ್ಡೆಯಾಗಿ ಮಲಗಿರುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ಮಣ್ಣಿನಲ್ಲಿರುವ ತಕ್ಕ ಶಿಲೀಂಧ್ರ ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಅದಕ್ಕೆ ಜೀವ. ಆದ್ದರಿಂದ ಬೀಜ ತಂದು ಎರಚಿದರೆ ಪ್ರಯೋಜನವಿಲ್ಲ. ಮೆಲ್ಬರ್ನಿನ ರಾಯಲ್ ಬೊಟಾನಿಕ್ ಗಾರ್ಡನ್ಸ್‌ನ ವಿಜ್ಞಾನಿಗಳು ಶಿಲೀಂಧ್ರದ ಜೊತೆಯಲ್ಲೇ ಬೀಜ ಮೊಳೆಯಿಸಿ, ಸಸಿ ಬೆಳೆಸಿ, ಬಯಲಿಗೆ ಮರಳಿ ನೆಟ್ಟಿದ್ದಾರೆ. ತಾಳ್ಮೆ ಬೇಡುವ ಈ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ನೆಡಲು ನೆಲವೇ ಇಲ್ಲದಿದ್ದರೆ?

ಪಶ್ಚಿಮ ಹೊರವಲಯದಲ್ಲಿ 15,000 ಹೆಕ್ಟೇರ್ ಹುಲ್ಲುಗಾವಲನ್ನು ಕೊಂಡು ಕಾಯ್ದಿಡುವುದಾಗಿ ಅಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರ 2010ರಲ್ಲಿ ಒಪ್ಪಿಕೊಂಡಿತ್ತು. ಹತ್ತು ವರ್ಷಗಳ ಬಳಿಕ ಕೈಗೆ ಬಂದದ್ದು ಅದರ ಹತ್ತರಲ್ಲೊಂದು ಪಾಲು. ಅಷ್ಟರಲ್ಲಿ ಟಾರ್ನೀಟ್, ಟ್ರುಗನಿನಾದಂಥ ಬಡಾವಣೆಗಳು ಅದೇ ಬಯಲಿನ ಮೇಲೆ ಎದ್ದಿವೆ. ಅಲ್ಲಿ ನೆಲೆಸಿದವರಲ್ಲಿ ಭಾರತೀಯರು ಬಹಳ. ಕನ್ನಡದ ಮನೆಗಳೂ ಇವೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅಲ್ಲಿ ವಸಂತ. ನೀವು ಅಲ್ಲಿದ್ದರೆ, ಮಕ್ಕಳನ್ನು ಕರೆದುಕೊಂಡು ಉಳಿದ ಹುಲ್ಲುಗಾವಲನ್ನು ಒಮ್ಮೆ ನೋಡಿಬನ್ನಿ. ಬೇಲಿ ದಾಟಬೇಡಿ, ಹೂ ಕೀಳಬೇಡಿ.